ಸೋಸದ ಬಿಸಿಲು

1919ರ ಮೇ 29ರ ಬೆಳಿಗ್ಗೆ ಬ್ರೆಜಿಲ್ ದೇಶದ ಈಶಾನ್ಯ ಭಾಗದ ಸೊಬ್ರಾಲ್ ಎಂಬ ಊರಿನ ಕುದುರೆ ಪಂದ್ಯದ ಮೈದಾನದಲ್ಲಿ ಇಬ್ಬರು ಬ್ರಿಟಿಷ್ ಖಗೋಳವಿಜ್ಞಾನಿಗಳು ಎರಡು ದೂರದರ್ಶಕಗಳನ್ನು ಹೂಡಿಕೊಂಡು ಸೂರ್ಯಗ್ರಹಣಕ್ಕಾಗಿ ಕಾದಿದ್ದರು. ಸೂರ್ಯನ ಪಕ್ಕದಲ್ಲಿ ಹಾದುಬರುವ ನಕ್ಷತ್ರದ ಬೆಳಕು ಬಾಗುತ್ತದೆ ಎಂಬ ಐನ್‌ಸ್ಟೈನರ ಮಾತಿಗೆ ಸಾಕ್ಷ್ಯವನ್ನು ಐದು ನಿಮಿಷದ ಕತ್ತಲಿನಲ್ಲಿ ಗಾಜಿನ ಫಲಕಗಳ ಮೇಲೆ ಹಿಡಿಯಬೇಕಿತ್ತು. ದೊಡ್ಡ ದೂರದರ್ಶಕ ಕೈಕೊಟ್ಟಿತು. ಅದಕ್ಕೆ ಆಕಾಶವನ್ನು ತೋರಿಸುವ ಕನ್ನಡಿ ಬಿಸಿಲಿನ ಕಾವಿಗೆ ಆಕಾರ ಕೆಟ್ಟು ನಕ್ಷತ್ರಗಳೆಲ್ಲ ಮಸುಕಾದವೆಂದು ಅವರು ಬಗೆದರು. ನಾಲ್ಕು ಅಂಗುಲದ ಮಸೂರವಿದ್ದ ಚಿಕ್ಕ ದೂರದರ್ಶಕದ ಏಳು ಫಲಕಗಳು ಮಾತ್ರ ನಿಚ್ಚಳವಾಗಿ ಬಂದವು. ಸಾಪೇಕ್ಷತಾ ಸಿದ್ಧಾಂತವನ್ನು ಜಗತ್ತು ಒಪ್ಪಿಕೊಂಡದ್ದರಲ್ಲಿ ಆ ಏಳು ಗಾಜುಗಳ ಪಾಲು ದೊಡ್ಡದು.

ಅದಾದ ಒಂಬತ್ತು ವರ್ಷಕ್ಕೆ, 1928ರಲ್ಲಿ, ಅದೇ ಸೊಬ್ರಾಲ್‌ನಲ್ಲಿ ಲೂಯಿಜ್ ಕಾರ್ಲೋಸ್ ಬಾರೆತೊ ಹುಟ್ಟಿದರು. ಮುಂದೆ ‘ಓ ಕ್ರುಜೇಯ್ರೊ’ ಪತ್ರಿಕೆಯ ಛಾಯಾಗ್ರಾಹಕರಾಗಿ ಹೆಸರು ಮಾಡಿದ ಅವರು 1963ರಲ್ಲಿ ಒಂದು ಚಲನಚಿತ್ರಕ್ಕೆ ಕ್ಯಾಮೆರಾ ಹಿಡಿದರು. ಗ್ರಹಣ ನೋಡಲು ಬಂದವರಿಗೆ ಆ ನಾಡಿನ ಬಿಸಿಲು ತೊಡಕಾಗಿತ್ತು. ಬಾರೆತೊ ಅವರಿಗೆ ಅದೇ ವಸ್ತುವಾಯಿತು. ಬ್ರೆಜಿಲ್‌ನ ಚಿತ್ರರಂಗದಲ್ಲಿ ‘ಸಿನೆಮಾ ನೋವೊ’, ಅಂದರೆ ಹೊಸ ಸಿನಿಮಾ, ಎಂದು ಹೆಸರಾದ ಚಳವಳಿಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅದರ ರಾಜಕೀಯದಿಂದ ಆರಂಭಿಸುತ್ತಾರೆ. ಆದರೆ ಆ ರಾಜಕೀಯ ಮೊದಲು ಪರದೆಯ ಮೇಲೆ ಕಾಣಿಸಿಕೊಂಡದ್ದು ಬೆಳಕಿನ ರೂಪದಲ್ಲಿ. ಮಸೂರದ ಮುಂದೆ ಒಂದು ಗಾಜಿನ ತುಂಡನ್ನು ಇಡಬೇಕೇ, ಬೇಡವೇ ಎಂಬ ತೀರ್ಮಾನದಿಂದಲೇ ಆ ಚಳವಳಿಯನ್ನು ಅರ್ಥಮಾಡಿಕೊಳ್ಳಬಹುದು.

ಬ್ರೆಜಿಲ್‌ನ ಈಶಾನ್ಯದ ಒಳನಾಡಿಗೆ ‘ಸೆರ್ತಾವ್’ ಎಂದು ಹೆಸರು. ಎಂಟು ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚು ಹರಡಿರುವ ಅಲ್ಲಿನ ಕುರುಚಲು ಕಾಡನ್ನು ‘ಕಾಟಿಂಗಾ’ ಎನ್ನುತ್ತಾರೆ. ಮೂಲನಿವಾಸಿಗಳ ಟುಪಿ ಭಾಷೆಯಲ್ಲಿ ಅದರ ಅರ್ಥ ಬಿಳಿಯ ಕಾಡು. ಬೇಸಿಗೆಯಲ್ಲಿ ಗಿಡಗಳು ಎಲೆಯುದುರಿಸಿಕೊಂಡು ನೀರನ್ನು ಉಳಿಸಿಕೊಳ್ಳುವಾಗ ಬೂದು ಬಿಳುಪಿನ ಕಾಂಡಗಳು, ಮುಳ್ಳುಗಳು, ಪಾಪಾಸುಕಳ್ಳಿಗಳಷ್ಟೇ ಕಣ್ಣಿಗೆ ಬೀಳುತ್ತವೆ. ಭೂಮಧ್ಯರೇಖೆಯ ಸುತ್ತ ಮಳೆ ತರುವ ಮೋಡಗಳ ಪಟ್ಟಿ ವರ್ಷದ ಮೊದಲ ತಿಂಗಳುಗಳಲ್ಲಿ ದಕ್ಷಿಣಕ್ಕೆ ಸರಿದಾಗ ಇಲ್ಲಿ ಮಳೆ. ಪೆಸಿಫಿಕ್‌ನಲ್ಲಿ ಎಲ್ ನಿನ್ಯೊ ತಲೆಯೆತ್ತಿದರೆ, ಅಟ್ಲಾಂಟಿಕ್‌ನ ಉತ್ತರ ಭಾಗ ಹೆಚ್ಚು ಬಿಸಿಯಾದರೆ ಆ ಪಟ್ಟಿ ಕೆಳಗಿಳಿಯುವುದೇ ಇಲ್ಲ, ಬರ ಬರುತ್ತದೆ. 1877ರಿಂದ 1879ರವರೆಗಿನ ಮಹಾಬರದಲ್ಲಿ ಲಕ್ಷಗಟ್ಟಲೆ ಜನ ಸತ್ತರು. ಬರಕ್ಕೆ ಊರು ಬಿಟ್ಟು ಗಂಟುಮೂಟೆ ಹೊತ್ತು ನಡೆಯುವವರಿಗೆ ಬ್ರೆಜಿಲ್‌ನ ಪೋರ್ಚುಗೀಸ್ ಭಾಷೆಯಲ್ಲಿ ‘ರೆಚಿರಾಂಚೆ’ ಎಂಬ ಪದವೇ ಇದೆ. ಬ್ರೆಜಿಲ್‌ನ ಸಾಹಿತ್ಯದಲ್ಲೂ ಸಿನಿಮಾದಲ್ಲೂ ಈ ಗುಳೆ ಹೊರಟವರ ಹೆಜ್ಜೆ ಇಂದಿಗೂ ನಿಂತಿಲ್ಲ.

ಬಾರೆತೊ ಮತ್ತು ಜೊಸೆ ರೋಜಾ ಚಿತ್ರೀಕರಿಸಿದ, ನೆಲ್ಸನ್ ಪೆರೇರ ದೋಸ್ ಸಾಂಟೋಸ್ ನಿರ್ದೇಶಿಸಿದ ‘ವಿದಾಸ್ ಸೆಕಾಸ್’, ಅಂದರೆ ಒಣ ಬದುಕುಗಳು, ಅಂಥ ಒಂದು ಕುಟುಂಬದ ಕಥೆ. ಗ್ರಾಸಿಲಿಯಾನೊ ರಾಮೋಸ್ 1938ರಲ್ಲಿ ಬರೆದ ಕಾದಂಬರಿ ಅದಕ್ಕೆ ಆಧಾರ. ಅಲಾಗೋವಾಸ್ ರಾಜ್ಯದ ಪಾಲ್ಮೇರಾ ದೋಸ್ ಇಂಡಿಯೋಸ್ ಪಟ್ಟಣಕ್ಕೆ ರಾಮೋಸ್ ಒಮ್ಮೆ ಮೇಯರ್ ಆಗಿದ್ದರು. ಚಿತ್ರೀಕರಣ ನಡೆದದ್ದೂ ಅದೇ ಸೀಮೆಯಲ್ಲಿ. ಚಿತ್ರ ತೆರೆದುಕೊಂಡಾಗ ಕ್ಯಾಮೆರಾ ಅಲುಗುವುದಿಲ್ಲ. ಬೋಳು ಮರ, ಬಿರಿದ ನೆಲ, ಅದರ ಮೇಲೆ ಬಣ್ಣವಿಲ್ಲದ, ಮೋಡವಿಲ್ಲದ, ಸುಣ್ಣ ಬಳಿದಂಥ ಆಕಾಶ. ದೂರದಲ್ಲಿ ಒಂದು ನಾಯಿ, ಅದರ ಹಿಂದೆ ನಾಲ್ಕು ಮಂದಿ. ಅವರು ಹತ್ತಿರ ಬರುವುದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತೂ ನೋಡುವವರು ಕಾಯಬೇಕು. ಆ ಬಿಳಿ ಆಕಾಶ ಹೇಗೆ ಬಂತು ಎಂಬುದನ್ನು ತಿಳಿಯಲು ಫಿಲ್ಮಿನ ಒಳಗನ್ನು ಸ್ವಲ್ಪ ನೋಡಬೇಕಾಗುತ್ತದೆ.

ಕಪ್ಪು ಬಿಳುಪು ಫಿಲ್ಮ್ ಎಂದರೆ ಪಾರದರ್ಶಕ ಪಟ್ಟಿಯ ಮೇಲೆ ಜಿಲಟಿನ್ ಲೇಪ. ಆ ಲೇಪದಲ್ಲಿ ಬೆಳ್ಳಿಯ ಲವಣದ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳು. ಬೆಳಕಿನ ಕಣಗಳು ತಾಗಿದ ಹರಳಿನಲ್ಲಿ ನಾಲ್ಕಾರು ಬೆಳ್ಳಿ ಪರಮಾಣುಗಳು ಒಂದೆಡೆ ಗುಂಪುಗೂಡುತ್ತವೆ. ಇದೇ ಸುಪ್ತಬಿಂಬ. ಯಾವ ಸೂಕ್ಷ್ಮದರ್ಶಕಕ್ಕೂ ಚಿತ್ರವಾಗಿ ಕಾಣದ ಈ ಗುರುತನ್ನು ಹಿಡಿದು, ಸಂಸ್ಕರಣ ದ್ರಾವಣವು ಆ ಇಡೀ ಹರಳನ್ನೇ ಬೆಳ್ಳಿಯಾಗಿಸುತ್ತದೆ. ನಾಲ್ಕಾರು ಪರಮಾಣುಗಳ ಸುಳಿವು ನೂರು ಕೋಟಿ ಪಟ್ಟು ಹಿಗ್ಗಿ ಕಣ್ಣಿಗೆ ಕಾಣುವ ಕಪ್ಪಾಗುತ್ತದೆ. ಬೆಳಕು ಬಿದ್ದಲ್ಲೆಲ್ಲ ನೆಗೆಟಿವ್ ಕಪ್ಪಾಗುತ್ತದೆ, ಅದರಿಂದ ತೆಗೆದ ಪ್ರತಿಯಲ್ಲಿ ಅದೇ ಜಾಗ ಬೆಳ್ಳಗಾಗುತ್ತದೆ. ಆದರೆ ಫಿಲ್ಮಿನ ತಾಳಿಕೆಗೂ ಒಂದು ಮಿತಿ ಇದೆ. ಒಂದು ಹಂತ ದಾಟಿದರೆ ಹರಳುಗಳೆಲ್ಲ ಬೆಳ್ಳಿಯಾಗಿ ಮುಗಿದಿರುತ್ತವೆ. ಅಲ್ಲಿಂದಾಚೆಗೆ ಎಷ್ಟು ಬೆಳಕು ಸುರಿದರೂ ವ್ಯತ್ಯಾಸ ದಾಖಲಾಗುವುದಿಲ್ಲ. ಪರದೆಯ ಮೇಲೆ ಉಳಿಯುವುದು ವಿವರವಿಲ್ಲದ ಬಿಳುಪು ಮಾತ್ರ.

ಸೆರ್ತಾವ್‌ನ ನಡುಹಗಲಿನ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಚೆನ್ನಾಗಿ ದೀಪ ಹಾಕಿದ ಕೋಣೆಯಲ್ಲಿ ಇರುವುದು ನಾನೂರು, ಐನೂರು. ವರ್ಷಕ್ಕೆ ಎರಡು ಬಾರಿ ಸೂರ್ಯ ನೆತ್ತಿಯ ಮೇಲೇ ನಿಲ್ಲುವ ಆ ಅಕ್ಷಾಂಶದಲ್ಲಿ ಚರ್ಮದ ಟೋಪಿ ತೊಟ್ಟ ದನಗಾಹಿಯ ಮುಖ ಟೋಪಿಯಂಚಿನ ಕಪ್ಪು ನೆರಳಿನಲ್ಲಿ ಮುಳುಗಿರುತ್ತದೆ. ಹಿಂದಿನ ಆಕಾಶ ಆ ಮುಖಕ್ಕಿಂತ ಹತ್ತಾರು ಪಟ್ಟು, ಕೆಲವೊಮ್ಮೆ ನೂರು ಪಟ್ಟು ಬೆಳ್ಳಗಿರುತ್ತದೆ. ಎರಡರ ವಿವರವನ್ನೂ ಒಟ್ಟಿಗೆ ಪರದೆಗೆ ತರುವುದು ಕಷ್ಟ. ಇದಕ್ಕೆ ಚಿತ್ರೋದ್ಯಮ ಎರಡು ಉಪಾಯಗಳನ್ನು ಕಂಡುಕೊಂಡಿತ್ತು. ಬೆಳ್ಳಿಬಣ್ಣದ ಪ್ರತಿಫಲಕ ಹಲಗೆಗಳಿಂದ ಬಿಸಿಲನ್ನು ತಿರುಗಿಸಿ ಮುಖಕ್ಕೆ ಹಾಯಿಸುವುದು ಒಂದು. ಮಸೂರದ ಮುಂದೆ ಹಳದಿ ಇಲ್ಲವೆ ಕೆಂಪು ಸೋಸುಗಾಜು ಇಡುವುದು ಇನ್ನೊಂದು. ಗಾಳಿಯ ಅಣುಗಳು ನೀಲಿ ಬೆಳಕನ್ನು ಹೆಚ್ಚು ಚದುರಿಸುವುದರಿಂದ ಆಕಾಶ ನೀಲಿಯಾಗಿದೆ. ಬೆಳ್ಳಿಯ ಲವಣವೂ ಹುಟ್ಟಿನಿಂದಲೇ ನೀಲಿಗೆ ಹೆಚ್ಚು ಸ್ಪಂದಿಸುತ್ತದೆ. ಹೀಗಾಗಿ ಬರಿಗಾಜಿನಲ್ಲಿ ತೆಗೆದ ಆಕಾಶ ಬೆಳ್ಳಗೆ ಬರುತ್ತದೆ. ಕೆಂಪು ಗಾಜು ನೀಲಿಯನ್ನು ತಡೆದರೆ ಆಕಾಶ ಗಾಢವಾಗಿ, ಬಿಳಿ ಮೋಡಗಳು ಅದರ ಮೇಲೆ ಗೋಪುರಗಳಂತೆ ಎದ್ದು ನಿಲ್ಲುತ್ತವೆ.

ಆ ಸುಂದರವಾದ ಆಕಾಶ ಬ್ರೆಜಿಲ್‌ನ ಪರದೆಗೆ ಅದಾಗಲೇ ಬಂದಿತ್ತು. 1949ರಲ್ಲಿ ಸಾವೊ ಪೌಲೊ ಪಕ್ಕದ ಸಾವೊ ಬೆರ್ನಾರ್ದೊದಲ್ಲಿ ‘ವೇರಾ ಕ್ರುಜ್’ ಎಂಬ ದೊಡ್ಡ ಸ್ಟುಡಿಯೊ ತಲೆಯೆತ್ತಿ, ಯುರೋಪಿನಿಂದ ತಂತ್ರಜ್ಞರನ್ನು ಕರೆಸಿಕೊಂಡಿತು. ಲಿಮಾ ಬಾರೆತೊ ನಿರ್ದೇಶಿಸಿದ ಅದರ ‘ಓ ಕಾಂಗಸೇಯ್ರೊ’ ಸೆರ್ತಾವ್‌ನ ಡಕಾಯಿತರ ಕಥೆ; 1953ರಲ್ಲಿ ಕಾನ್ ಉತ್ಸವದ ಪ್ರಶಸ್ತಿಯನ್ನೂ ಪಡೆಯಿತು. ಅದರ ಛಾಯಾಗ್ರಾಹಕ ಇಂಗ್ಲೆಂಡಿನ ಚಿಕ್ ಫೌಲ್. ಚಿತ್ರೀಕರಣ ನಡೆದದ್ದು ಬರದ ನಾಡಿನಲ್ಲಲ್ಲ, ಸಾವೊ ಪೌಲೊ ರಾಜ್ಯದ ವಾರ್ಜೆಂ ಗ್ರಾಂಜಿ ದೊ ಸುಲ್ ಎಂಬ ಹಸಿರು ಸೀಮೆಯಲ್ಲಿ. ಅಚ್ಚುಕಟ್ಟಾದ ಚಿತ್ರವದು, ಜಗತ್ತಿನ ಹಲವು ದೇಶಗಳಲ್ಲಿ ಓಡಿತು. ಆದರೆ ಮರುವರ್ಷವೇ ಸ್ಟುಡಿಯೊ ದಿವಾಳಿಯಾಯಿತು.

ರಿಯೊ ಡಿ ಜನೈರೊ ಕಡೆ ಬೇರೊಂದು ಧಾಟಿ ನಡೆದಿತ್ತು. 1941ರಲ್ಲಿ ಆರಂಭವಾದ ಅಟ್ಲಾಂಟಿಡಾ ಸ್ಟುಡಿಯೊ ಕಾರ್ನಿವಲ್ ಹಾಡು, ಕುಣಿತ, ವೇಷ ಬದಲಾವಣೆ, ನಗೆಗಳನ್ನು ಬೆರೆಸಿ ‘ಶಾಂಶಾದಾ’ ಎಂಬ ಪ್ರಕಾರವನ್ನು ಬೆಳೆಸಿತು. ಬಿಳಿಯ ಆಸ್ಕರೀಟೊ, ಕರಿಯ ಗ್ರಾಂಜಿ ಒತೇಲೊ ಜೋಡಿಗಾಗಿ ಚಿತ್ರಮಂದಿರಗಳು ತುಂಬುತ್ತಿದ್ದವು. ವಿಮರ್ಶಕರು ಬಹುಕಾಲ ಈ ಚಿತ್ರಗಳನ್ನು ಹಗುರವೆಂದು ತಳ್ಳಿಹಾಕಿದರು, ಅದು ಸರಿಯಲ್ಲ. ಬ್ರೆಜಿಲ್‌ನ ಸಾಮಾನ್ಯ ಜನ ತಮ್ಮ ಮಾತಿನ ವರಸೆಯನ್ನು ಪರದೆಯ ಮೇಲೆ ಮೊದಲು ಕೇಳಿಸಿಕೊಂಡದ್ದು ಅವುಗಳಲ್ಲೇ. ಇನ್ನೊಂದು ಕಡೆ, 1936ರಲ್ಲಿ ಮಾನವಶಾಸ್ತ್ರಜ್ಞ ರೊಕೆಟ್ ಪಿಂಟೊ ಕಟ್ಟಿದ ಶೈಕ್ಷಣಿಕ ಸಿನಿಮಾ ಸಂಸ್ಥೆಯಲ್ಲಿ ಹುಂಬೆರ್ತೊ ಮೌರೊ ಮುನ್ನೂರಕ್ಕೂ ಹೆಚ್ಚು ಕಿರುಚಿತ್ರಗಳನ್ನು ಮಾಡುತ್ತಾ ಹೋದರು. ಅಮೆಜಾನಿನ ದೈತ್ಯ ತಾವರೆಯಿಂದ ಹಿಡಿದು ಹಳ್ಳಿಗಳ ದುಡಿಮೆಯ ಹಾಡುಗಳವರೆಗೆ ಎಲ್ಲವನ್ನೂ ಹತ್ತಿರ ಹೋಗಿ, ಅವಸರವಿಲ್ಲದೆ ನೋಡುವ ಅವರ ಕಣ್ಣನ್ನು ಸಿನೆಮಾ ನೋವೊದ ಹುಡುಗರು ತಮ್ಮ ಹಿರಿಯರದೆಂದು ಗುರುತಿಸಿಕೊಂಡರು.

ನೆಲ್ಸನ್ ಪೆರೇರ ದೋಸ್ ಸಾಂಟೋಸ್ ಸ್ಟುಡಿಯೊವನ್ನೇ ಬಿಟ್ಟು ಬೀದಿಗಿಳಿದರು. ಕಡಲೆಕಾಯಿ ಮಾರುವ ಐವರು ಹುಡುಗರ ಹಿಂದೆ ಒಂದು ಭಾನುವಾರವಿಡೀ ರಿಯೊ ಸುತ್ತುವ ಅವರ 1955ರ ಚಿತ್ರದ ಹೆಸರು ‘ರಿಯೊ, 40 ಡಿಗ್ರಿ’. ಪೊಲೀಸ್ ಮುಖ್ಯಸ್ಥರು ಅದನ್ನು ನಿಷೇಧಿಸಿದರು. ರಿಯೊದ ತಾಪಮಾನ ಎಂದೂ 40 ಮುಟ್ಟಿಲ್ಲ ಎಂಬುದು ಅವರು ಮುಂದಿಟ್ಟ ವಾದಗಳಲ್ಲಿ ಒಂದು. ಲೇಖಕರು, ಪತ್ರಕರ್ತರು ದನಿಯೆತ್ತಿದ ಮೇಲೆ ನಿಷೇಧ ತೆರವಾಯಿತು.

1960ರಲ್ಲಿ ಅವರು ಬಾಹಿಯಾ ರಾಜ್ಯದ ಜುವಾಜೇಯ್ರೊಗೆ ‘ವಿದಾಸ್ ಸೆಕಾಸ್’ ತೆಗೆಯಲು ತಂಡ ಕಟ್ಟಿಕೊಂಡು ಹೋದಾಗ ಮಳೆ ಬಂತು. ಕಾಟಿಂಗಾದ ಗುಣವೇ ಹಾಗೆ. ಸತ್ತಂತೆ ನಿಂತ ಗಿಡಗಳು ಕೆಲವೇ ದಿನಗಳಲ್ಲಿ ಚಿಗುರಿ ನೆಲವೆಲ್ಲ ಹಸಿರಾಗುತ್ತದೆ. ಬರದ ಕಥೆ ಹೇಳಲು ಬರವೇ ಇಲ್ಲ. ಸುಮ್ಮನೆ ಹಿಂದಿರುಗುವ ಬದಲು ಅವರು ಸ್ಥಳದಲ್ಲೇ ಬೇರೆ ಕಥೆ ಹೆಣೆದು ‘ಮಂದಾಕಾರು ವರ್ಮೆಲ್ಯೊ’ ಎಂಬ ಚಿತ್ರ ಮಾಡಿದರು. ತಾವು ಬರೆದಿಟ್ಟುಕೊಂಡದ್ದನ್ನು ಮಾತ್ರ ಬರಕ್ಕಾಗಿ ಎತ್ತಿಟ್ಟುಕೊಂಡರು. ಆ ನೆಲವನ್ನು ಬೇರೆಡೆ ಕಟ್ಟಿಕೊಳ್ಳಲಾಗದು ಎಂಬ ಈ ಹಟವೇ ಹೊಸ ಸಿನಿಮಾವನ್ನು ವೇರಾ ಕ್ರುಜ್‌ನಿಂದ ಬೇರೆ ಮಾಡಿದ್ದು.

ಹಾಗೆ ಕಾದು ಹಿಡಿದ ಬಿಸಿಲನ್ನು ಲೂಯಿಜ್ ಕಾರ್ಲೋಸ್ ಬಾರೆತೊ ಸೋಸಲಿಲ್ಲ. ಕೆಂಪು ಗಾಜನ್ನೂ ಪ್ರತಿಫಲಕಗಳನ್ನೂ ದೂರವಿಟ್ಟು, ನೆರಳಿನಲ್ಲಿದ್ದ ಮುಖಕ್ಕೆ ಬೇಕಾದಷ್ಟು ಬೆಳಕು ಸಿಗುವಂತೆ ದ್ಯುತಿರಂಧ್ರವನ್ನು ಹೊಂದಿಸಿದರು. ಮುಖದ ಸುಕ್ಕು, ಬೆವರು, ಗಡ್ಡ ಎಲ್ಲ ಉಳಿದವು. ಆಕಾಶ ಸುಟ್ಟು ಬೆಳ್ಳಗಾಯಿತು. ಸುಡಲಿ ಎಂದೇ ಬಿಟ್ಟರು. ಚಿತ್ರದ ನಡುವೆ ಕ್ಯಾಮೆರಾ ನೇರವಾಗಿ ಸೂರ್ಯನತ್ತ ತಿರುಗುವ ಗಳಿಗೆಗಳಿವೆ. ಬಿಸಿಲಿಗೆ ತಲೆ ಸುತ್ತಿ ಬಂದ ಹುಡುಗ ಕಾಣುವುದೇನೋ ಅದನ್ನೇ ನೋಡುವವರೂ ಕಾಣುತ್ತಾರೆ. ಅತಿ ಬೆಳಕಿಗೆ ಅಕ್ಷಿಪಟಲ ಸೋತು ಕಣ್ಣು ಕತ್ತಲೆಗಟ್ಟುವ ಅನುಭವಕ್ಕೂ ಹರಳುಗಳು ತೀರಿಹೋದ ಫಿಲ್ಮಿನ ಬಿಳುಪಿಗೂ ಹತ್ತಿರದ ನೆಂಟು. ತಂತ್ರಜ್ಞರ ಲೆಕ್ಕದಲ್ಲಿ ಇದು ತಪ್ಪು. ಆದರೆ ಬಡವನ ಮುಖಕ್ಕಾಗಿ ಆಕಾಶವನ್ನು ಬಿಟ್ಟುಕೊಡುವುದು ಎಂಬ ತೀರ್ಮಾನದಷ್ಟು ಸ್ಪಷ್ಟವಾದ ರಾಜಕೀಯ ಹೇಳಿಕೆ ಆ ಚಳವಳಿಯ ಯಾವ ಪ್ರಣಾಳಿಕೆಯಲ್ಲೂ ಇಲ್ಲ.

ಕಿವಿಗೂ ಅದೇ ನಿಷ್ಠುರತೆ. ಚಿತ್ರದ ಮೊದಲ ದೃಶ್ಯದಲ್ಲಿ ಕೇಳುವುದು ಸಂಗೀತವಲ್ಲ, ಎಲ್ಲೋ ಕಾಣದೆಡೆ ಸಾಗುತ್ತಿರುವ ಎತ್ತಿನಗಾಡಿಯ ಕೀರಲು. ನಮ್ಮ ಗಾಡಿಗಳಲ್ಲಿ ಅಚ್ಚು ಅಲುಗದೆ ಗಾಲಿ ಮಾತ್ರ ತಿರುಗುತ್ತದೆ, ಕೀಲೆಣ್ಣೆ ಹಾಕಿದರೆ ಸದ್ದಡಗುತ್ತದೆ. ಬ್ರೆಜಿಲ್‌ನ ಹಳೆಯ ಗಾಡಿಯಲ್ಲಿ ಗಾಲಿಗಳು ಅಚ್ಚಿಗೇ ಬಿಗಿದಿದ್ದು, ಅಚ್ಚು ಗಾಡಿಯ ಮರದ ಚೌಕಟ್ಟಿಗೆ ಉಜ್ಜುತ್ತ ತಿರುಗುತ್ತದೆ. ಮರ ಮರವನ್ನು ಒಂದು ಕ್ಷಣ ಕಚ್ಚಿ ಹಿಡಿಯುತ್ತದೆ, ಮರುಕ್ಷಣ ಜಾರುತ್ತದೆ; ಸೆಕೆಂಡಿಗೆ ನೂರಾರು ಬಾರಿ ನಡೆಯುವ ಈ ಹಿಡಿತ ಜಾರಾಟವೇ ದನಿಯಾಗುತ್ತದೆ. ಪಿಟೀಲಿನ ಕಮಾನು ತಂತಿಯನ್ನು ನುಡಿಸುವುದೂ ಇದೇ ತತ್ವದಿಂದ. ಚಿತ್ರದಲ್ಲಿ ಮುಂದೊಮ್ಮೆ ಗಾಡಿಯ ಈ ಕೀರಲು ಪಿಟೀಲಿನ ದನಿಗೆ ಕೂಡಿಕೊಳ್ಳುವಾಗ ಭೌತವಿಜ್ಞಾನ ಬಲ್ಲವರಿಗೆ ಎರಡು ಪಟ್ಟು ಬೆರಗಾದೀತು.

ಆ ಕುಟುಂಬದ ನಾಯಿಯ ಹೆಸರು ಬಾಲೇಯಾ, ಅಂದರೆ ತಿಮಿಂಗಿಲ. ರೋಗ ಬಿದ್ದ ಅದನ್ನು ಮನೆಯ ಯಜಮಾನ ಫಾಬಿಯಾನೊ ಗುಂಡಿಟ್ಟು ಕೊಲ್ಲುವ ದೃಶ್ಯವಿದೆ. ಸಾಯುತ್ತಿರುವ ನಾಯಿಯ ಕಣ್ಣಿನ ಮಟ್ಟಕ್ಕೇ ಕ್ಯಾಮೆರಾ ಇಳಿಯುತ್ತದೆ. 1964ರಲ್ಲಿ ಕಾನ್ ಉತ್ಸವದಲ್ಲಿ ಇದನ್ನು ಕಂಡವರು ನಾಯಿಯನ್ನು ನಿಜವಾಗಿಯೇ ಕೊಂದಿದ್ದಾರೆಂದು ಆಕ್ಷೇಪವೆತ್ತಿದಾಗ, ಜೀವಂತವಾಗಿದ್ದ ಅದನ್ನು ಕಾನ್‌ಗೇ ಕರೆತಂದು ತೋರಿಸಬೇಕಾಯಿತು.

ಅದೇ ವರ್ಷ ಅದೇ ಉತ್ಸವದಲ್ಲಿ ಸೆರ್ತಾವ್‌ನ ಇನ್ನೊಂದು ಚಿತ್ರವೂ ಸ್ಪರ್ಧೆಯಲ್ಲಿತ್ತು. ಗ್ಲೌಬರ್ ರೋಶಾ ತಮ್ಮ ಇಪ್ಪತ್ತೈದನೆಯ ವಯಸ್ಸಿನ ಆಸುಪಾಸಿನಲ್ಲಿ ಮಾಡಿದ ‘ದೇವರು ಮತ್ತು ಸೈತಾನ, ಸೂರ್ಯನ ನಾಡಿನಲ್ಲಿ’. ವಾಲ್ಡೆಮಾರ್ ಲಿಮಾ ಅವರ ಕ್ಯಾಮೆರಾ ಇಲ್ಲಿ ಹೆಗಲ ಮೇಲೆ ಏರಿ ಬಾಹಿಯಾದ ಮಾಂಟಿ ಸಾಂಟೊ ಬೆಟ್ಟದ ಮೆಟ್ಟಿಲುಗಳನ್ನು ಭಕ್ತರ ಜೊತೆ ಹತ್ತುತ್ತದೆ, ಡಕಾಯಿತನ ಸುತ್ತ ಗಿರಕಿ ಹೊಡೆಯುತ್ತದೆ. ಸಂತೆಯಲ್ಲಿ ಕಥೆ ಹಾಡುವ ಕುರುಡು ಗಾಯಕನ ದನಿ ಕಥೆಯನ್ನು ಮುನ್ನಡೆಸುತ್ತದೆ. ಕೊನೆಯಲ್ಲಿ ದನಗಾಹಿ ಮಾನುಯೆಲ್ ಬಿಸಿಲ ಬಯಲಿನಲ್ಲಿ ಓಡುತ್ತಾನೆ, ಓಡುತ್ತಲೇ ಇರುತ್ತಾನೆ, ಥಟ್ಟನೆ ಪರದೆಯ ತುಂಬ ಕಡಲು.

ಒಣನೆಲವೂ ಕಡಲೂ ಒಂದು ದಿನ ತಮ್ಮ ಜಾಗ ಬದಲಿಸಿಕೊಳ್ಳುತ್ತವೆ ಎಂಬುದು ಅಲ್ಲಿನ ಜನರ ಹಳೆಯ ನಂಬಿಕೆ. 1897ರಲ್ಲಿ ಸೇನೆ ನಾಶಮಾಡಿದ ಕಾನೂದೋಸ್ ಎಂಬ ಭಕ್ತರ ಊರಿನ ನೆನಪಿಗೆ ಅದು ಅಂಟಿಕೊಂಡಿದೆ. ಭೂವಿಜ್ಞಾನ ಹೇಳುವ ಸಂಗತಿ ಇದಕ್ಕೆ ತೀರ ದೂರದ್ದಲ್ಲ. ಸೆರ್ತಾವ್‌ನ ಅರಾರಿಪೆ ಪ್ರಸ್ಥಭೂಮಿಯ ಕಲ್ಲುಗುಂಡುಗಳನ್ನು ಒಡೆದರೆ ಸುಮಾರು ಹನ್ನೊಂದು ಕೋಟಿ ವರ್ಷ ಹಿಂದಿನ ಮೀನುಗಳ ಪಳೆಯುಳಿಕೆಗಳು ಸಿಗುತ್ತವೆ. ಅಟ್ಲಾಂಟಿಕ್ ತೆರೆದುಕೊಳ್ಳುತ್ತಿದ್ದ ಕಾಲಕ್ಕೆ ಕಡಲು ಅಲ್ಲಿಯವರೆಗೂ ಬಂದಿತ್ತು. ಕಾನೂದೋಸ್‌ನ ಅವಶೇಷಗಳೂ ಚಿತ್ರ ಬಂದ ಕೆಲವೇ ವರ್ಷಗಳಲ್ಲಿ ಕೊಕೊರೊಬೊ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದವು. ಮಳೆ ಕೈಕೊಟ್ಟ ವರ್ಷಗಳಲ್ಲಿ ಅವು ಮತ್ತೆ ಹೊರಗೆ ಕಾಣುತ್ತವೆ.

1965ರಲ್ಲಿ ಇಟಲಿಯ ಜಿನೋವಾದಲ್ಲಿ ರೋಶಾ ಮಂಡಿಸಿದ ಪ್ರಬಂಧ ‘ಹಸಿವಿನ ಸೌಂದರ್ಯಮೀಮಾಂಸೆ’ ಎಂದು ಪ್ರಸಿದ್ಧವಾಗಿದೆ. ಅದರ ತಿರುಳು ಇಷ್ಟು: ಹಸಿವು ಲ್ಯಾಟಿನ್ ಅಮೆರಿಕದ ಸಮಾಜದ ನರನಾಡಿಗಳಲ್ಲಿ ಇರುವಂಥದ್ದು. ಯುರೋಪಿನವರಿಗೆ ಅದು ವಿಚಿತ್ರ ದೃಶ್ಯ, ಬ್ರೆಜಿಲ್‌ನವರಿಗೆ ಬಾಯಿಬಿಟ್ಟು ಹೇಳಲಾಗದ ನಾಚಿಕೆ. ಆದ್ದರಿಂದ ಸಿನಿಮಾ ಹಸಿವಿನ ಬಗ್ಗೆ ಮಾತಾಡಿದರೆ ಸಾಲದು, ಅದರ ಬಿಂಬವೂ ಹಸಿದಿರಬೇಕು, ಒರಟಾಗಿರಬೇಕು. ತಲೆಯಲ್ಲೊಂದು ಆಲೋಚನೆ, ಕೈಯಲ್ಲೊಂದು ಕ್ಯಾಮೆರಾ ಎಂಬ ಘೋಷವಾಕ್ಯ ಹುಟ್ಟಿದ್ದೂ ಆ ಗುಂಪಿನಲ್ಲೇ. ಹಣವಿಲ್ಲದ್ದನ್ನು ಕೊರತೆಯೆಂದು ಮರೆಮಾಚದೆ ಶೈಲಿಯಾಗಿ ಎತ್ತಿ ಹಿಡಿದದ್ದು ಸಿನೆಮಾ ನೋವೊದ ದೊಡ್ಡ ಕಾಣಿಕೆ.

ಆ ಹೊತ್ತಿಗಾಗಲೇ ದೇಶ ಬದಲಾಗಿತ್ತು. 1964ರ ಏಪ್ರಿಲ್ 1ರಂದು ಸೇನೆ ಅಧಿಕಾರ ಹಿಡಿದಾಗ ನಿರ್ದೇಶಕ ಎಡ್ವಾರ್ದೊ ಕುಟಿನ್ಯೊ ಪೆರ್ನಾಂಬುಕೊದ ಗಲಿಲೇಯಾ ತೋಟದಲ್ಲಿ, ಕೊಲೆಯಾದ ರೈತ ನಾಯಕ ಜ್ವಾವ್ ಪೆದ್ರೊ ತೇಯ್ಶೇರಾ ಅವರ ಬದುಕನ್ನು ಚಿತ್ರೀಕರಿಸುತ್ತಿದ್ದರು. ಸೈನಿಕರು ಬಂದು ಕ್ಯಾಮೆರಾ, ಸಲಕರಣೆ ವಶಪಡಿಸಿಕೊಂಡರು; ತಂಡ ಚದುರಿತು. ಆದರೆ ಬೆಳಕಿಗೊಡ್ಡಿದ್ದ ಸುರುಳಿಗಳಲ್ಲಿ ಬಹುಪಾಲು ಸಂಸ್ಕರಣಕ್ಕೆಂದು ರಿಯೊದ ಪ್ರಯೋಗಾಲಯಕ್ಕೆ ಅದಾಗಲೇ ಹೋಗಿದ್ದರಿಂದ ಉಳಿದುಕೊಂಡವು. ಹದಿನೇಳು ವರ್ಷದ ಮೇಲೆ ಕುಟಿನ್ಯೊ ಆ ಚಿತ್ರಭಾಗಗಳನ್ನು ಹೊತ್ತು ಅದೇ ಊರಿಗೆ ಹೋಗಿ, ಅದರಲ್ಲಿ ನಟಿಸಿದ್ದ ರೈತರನ್ನು ಕೂರಿಸಿ ತೋರಿಸಿದರು. ತೇಯ್ಶೇರಾ ಅವರ ಹೆಂಡತಿ ಎಲಿಜಬೆತ್, ಚಿತ್ರದಲ್ಲಿ ತಮ್ಮ ಪಾತ್ರವನ್ನು ತಾವೇ ಮಾಡಿದ್ದವರು, ಬೇರೆ ಹೆಸರಿಟ್ಟುಕೊಂಡು ಬೇರೆ ರಾಜ್ಯದಲ್ಲಿ ಅಡಗಿ ಬದುಕುತ್ತಿದ್ದರು. ಅವರನ್ನು ಹುಡುಕಿ ಹೋದ ಕ್ಯಾಮೆರಾದೆದುರು ಅವರು ತಮ್ಮ ನಿಜನಾಮವನ್ನು ಮತ್ತೆ ಪಡೆದುಕೊಳ್ಳುತ್ತಾರೆ. ಹೀಗೆ ರೂಪುಗೊಂಡು 1984ರಲ್ಲಿ ಹೊರಬಂದ ‘ಕಾಬ್ರಾ ಮಾರ್ಕಾದೊ ಪಾರಾ ಮೊರೆರ್’ ಬ್ರೆಜಿಲ್‌ನ ಸಾಕ್ಷ್ಯಚಿತ್ರಗಳಲ್ಲಿ ಅತ್ಯುತ್ತಮವಾದದ್ದೆಂದು ಹೇಳಲು ಹಿಂಜರಿಯಬೇಕಾಗಿಲ್ಲ.

1968ರ ಡಿಸೆಂಬರಿನಲ್ಲಿ ಸೇನಾ ಸರ್ಕಾರ ತಂದ ಐದನೆಯ ಸಾಂಸ್ಥಿಕ ಶಾಸನ ಬಾಯಿಗಳನ್ನು ಇನ್ನಷ್ಟು ಬಿಗಿಯಾಗಿ ಕಟ್ಟಿತು. ಸಾವೊ ಪೌಲೊದ ‘ಕಸದ ಬಾಯಿ’ ಎಂಬ ಅಡ್ಡಹೆಸರಿನ ಬೀದಿಗಳಲ್ಲಿ ರೊಜೇರಿಯೊ ಸ್ಗಾಂಜೆರ್ಲಾ ಮೊದಲಾದವರು ಅಂಚಿನ ಸಿನಿಮಾವನ್ನು ಕಟ್ಟಿದರು. ಜ್ವಾಕಿಂ ಪೆದ್ರೊ ಡಿ ಆಂದ್ರಾದೆ 1969ರ ‘ಮಾಕುನಾಯಿಮಾ’ದಲ್ಲಿ ಶಾಂಶಾದಾದ ಗ್ರಾಂಜಿ ಒತೇಲೊ ಅವರನ್ನೇ ಕರೆತಂದು, ಕಡುಬಣ್ಣದ ಪುರಾಣದೊಳಗೆ ಟೀಕೆಯನ್ನು ಅಡಗಿಸಿದರು. ಸರ್ಕಾರವೇ ನಡೆಸುತ್ತಿದ್ದ ಎಂಬ್ರಾಫಿಲ್ಮೆ ಸಂಸ್ಥೆಯ ಕಾಲದಲ್ಲಿ, 1976ರಲ್ಲಿ, ‘ದೋನಾ ಫ್ಲೋರ್’ ಚಿತ್ರವನ್ನು ಒಂದು ಕೋಟಿಗೂ ಹೆಚ್ಚು ಜನ ನೋಡಿದರು. 1990ರಲ್ಲಿ ಅಧ್ಯಕ್ಷ ಕಾಲರ್ ಆ ಸಂಸ್ಥೆಯನ್ನು ಮುಚ್ಚಿದಾಗ ಬ್ರೆಜಿಲ್‌ನ ಚಿತ್ರೋತ್ಪಾದನೆ ಹೆಚ್ಚುಕಡಿಮೆ ನಿಂತೇಹೋಯಿತು. 1993ರ ಕಾನೂನು ತೆರಿಗೆ ವಿನಾಯಿತಿಯ ಮೂಲಕ ಹಣ ಹರಿಯುವಂತೆ ಮಾಡಿದ ಮೇಲೆ, 1995ರಿಂದ ‘ರೆತೊಮಾದಾ’, ಅಂದರೆ ಮರುಚೇತನ, ಶುರುವಾಯಿತು.

ಇಷ್ಟೆಲ್ಲ ಏರಿಳಿತದ ನಡುವೆಯೂ ‘ವಿದಾಸ್ ಸೆಕಾಸ್’ನ ಕೊನೆಯಲ್ಲಿ ಪಟ್ಟಣದ ಕಡೆಗೆ ನಡೆದು ಚೌಕಟ್ಟಿನಿಂದ ಮರೆಯಾದ ಆ ಕುಟುಂಬ ನಡೆಯುತ್ತಲೇ ಇದೆ. ಸುಜಾನಾ ಅಮರಾಲ್ ಅವರ 1985ರ ‘ಆ ಹೋರಾ ದಾ ಎಸ್ತ್ರೇಲಾ’ದಲ್ಲಿ ಅವರ ಮಗಳಂತಿರುವ ಮಕಾಬೇಯಾ ಮಹಾನಗರದಲ್ಲಿ ತಪ್ಪು ತಪ್ಪಾಗಿ ಟೈಪ್ ಮಾಡುತ್ತಾ ಬದುಕುತ್ತಾಳೆ, ಆ ಪಾತ್ರ ಮಾಡಿದ ಮಾರ್ಸೇಲಿಯಾ ಕರ್ತಾಶೊ ಬರ್ಲಿನ್‌ನಲ್ಲಿ ಶ್ರೇಷ್ಠ ನಟಿ ಎನಿಸಿಕೊಂಡರು. ಅನಾ ಮುಯ್ಲಾಯೆರ್ತ್ ಅವರ 2015ರ ‘ಕೆ ಹೋರಾಸ್ ಎಲಾ ವೋಲ್ತಾ?’ ಚಿತ್ರದ ವಾಲ್ ಈಶಾನ್ಯದಿಂದ ಬಂದು ಸಾವೊ ಪೌಲೊದ ಸಿರಿವಂತರ ಮನೆಯ ಹಿಂಬದಿ ಕೋಣೆಯಲ್ಲಿ ಬೇರೆಯವರ ಮಗುವನ್ನು ಸಾಕುತ್ತಾಳೆ. ವಾಲ್ತರ್ ಸಾಲೆಸ್ ಅವರ 1998ರ ‘ಸೆಂತ್ರಾಲ್ ದೊ ಬ್ರೆಜಿಲ್’ ಈ ದಾರಿಯನ್ನು ಹಿಮ್ಮುಖವಾಗಿ ಕ್ರಮಿಸುತ್ತದೆ: ಅಕ್ಷರ ಬಾರದವರಿಗೆ ರಿಯೊದ ರೈಲು ನಿಲ್ದಾಣದಲ್ಲಿ ಕಾಗದ ಬರೆದುಕೊಡುವ ದೋರಾ, ತಾಯಿ ಸತ್ತ ಹುಡುಗನನ್ನು ಕರೆದುಕೊಂಡು ಸೆರ್ತಾವ್‌ಗೆ ಹೋಗುತ್ತಾಳೆ. ಆ ಚಿತ್ರಕ್ಕೆ ಬರ್ಲಿನ್‌ನ ಚಿನ್ನದ ಕರಡಿ ಬಂತು.

2002ರ ‘ಸಿದಾದೆ ದೆ ದೇವುಸ್’ ಚಿತ್ರದಲ್ಲಿ ಸೀಸರ್ ಶಾರ್ಲೋನೆ ಅವರ ಕ್ಯಾಮೆರಾ ರಿಯೊದ ಕೊಳೆಗೇರಿಯ ಮೂರು ದಶಕಗಳಿಗೆ ಮೂರು ಬಣ್ಣ ಕೊಟ್ಟಿತು: ಅರವತ್ತರ ದಶಕಕ್ಕೆ ಬೆಚ್ಚನೆಯ ಹೊಂಬಣ್ಣ, ಎಂಬತ್ತರ ಹೊತ್ತಿಗೆ ತಣ್ಣನೆಯ ನೀಲಿ. ನಾಲ್ಕು ಆಸ್ಕರ್ ನಾಮನಿರ್ದೇಶನ ಪಡೆದ ಈ ಚಿತ್ರದ ಸುತ್ತ ಎದ್ದ ಚರ್ಚೆಯಲ್ಲಿ ವಿಮರ್ಶಕಿ ಇವಾನಾ ಬೆಂಟೆಸ್ ಅವರ ಮಾತು ಮುಖ್ಯವಾಯಿತು. ಹಸಿವಿನ ಸೌಂದರ್ಯಮೀಮಾಂಸೆ ಹಸಿವಿನ ಸೌಂದರ್ಯವರ್ಧಕವಾಗುತ್ತಿದೆ, ಬಡತನ ನೋಡಲು ಚೆಂದವಾಗುತ್ತಿದೆ ಎಂದು ಅವರು ಎಚ್ಚರಿಸಿದ್ದರು. ಆ ಎಚ್ಚರಿಕೆಯಲ್ಲಿ ಸತ್ಯವಿದೆ. ಆದರೂ ಕೊಳೆಗೇರಿಗಳ ಹುಡುಗರನ್ನೇ ತರಬೇತುಗೊಳಿಸಿ ನಟರಾಗಿಸಿದ ಆ ಚಿತ್ರ ಅವರ ಮಾತನ್ನು ಅವರ ಬಾಯಿಂದಲೇ ಕೇಳಿಸಿತು ಎಂಬುದನ್ನೂ ಮರೆಯುವಂತಿಲ್ಲ.

ಈ ಎಲ್ಲ ಬೆಳಕು ಕೊನೆಗೂ ನಿಂತಿರುವುದು ಬೇಗ ನಶಿಸುವ ಒಂದು ಪಟ್ಟಿಯ ಮೇಲೆ. 1950ರ ದಶಕದ ಆರಂಭದವರೆಗೆ ಫಿಲ್ಮಿನ ತಳಪಟ್ಟಿ ಸೆಲ್ಯುಲೋಸ್ ನೈಟ್ರೇಟ್‌ನದು. ಸ್ಫೋಟಕಗಳಲ್ಲಿ ಬಳಸುವ ಪದಾರ್ಥದ ಹತ್ತಿರದ ಬಂಧು. ತನಗೆ ಬೇಕಾದ ಆಮ್ಲಜನಕವನ್ನು ತನ್ನೊಳಗೇ ಹೊತ್ತಿರುವುದರಿಂದ ಅದಕ್ಕೆ ಬೆಂಕಿ ಹತ್ತಿದರೆ ನೀರಿನಲ್ಲಿ ಮುಳುಗಿಸಿದರೂ ಉರಿಯುತ್ತದೆ. ಹಳತಾದಂತೆ ಅದು ನೈಟ್ರೋಜನ್ ಆಕ್ಸೈಡುಗಳನ್ನು ಬಿಡುತ್ತದೆ. ಅವು ತೇವದೊಂದಿಗೆ ಸೇರಿ ನೈಟ್ರಿಕ್ ಆಮ್ಲವಾಗುತ್ತವೆ. ಆ ಆಮ್ಲ ಕೊಳೆಯುವಿಕೆಯನ್ನು ಇನ್ನೂ ಚುರುಕುಗೊಳಿಸುತ್ತದೆ. ಹೀಗೆ ತಾನೇ ತನ್ನ ವೇಗ ಹೆಚ್ಚಿಸಿಕೊಳ್ಳುವ ಕ್ರಿಯೆಯಲ್ಲಿ ಬಿಂಬ ಮಸುಕಾಗಿ, ಅಂಟುಅಂಟಾಗಿ, ಕೊನೆಗೆ ಕಂದು ಪುಡಿಯಾಗುತ್ತದೆ. ಅರ್ಧ ಕೊಳೆತ ಸುರುಳಿ ಬಹುದಿನ ಸೆಕೆಯಲ್ಲಿದ್ದರೆ 40 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ತಾನಾಗಿ ಹೊತ್ತಿಕೊಳ್ಳಬಲ್ಲದು. ಅನಂತರ ಬಂದ ಅಸಿಟೇಟ್ ಪಟ್ಟಿ ಹಾಗೆ ಉರಿಯದಿದ್ದರೂ ನಿಧಾನವಾಗಿ ಅಸಿಟಿಕ್ ಆಮ್ಲ ಬಿಡುತ್ತಾ, ವಿನೆಗರ್ ವಾಸನೆ ಸೂಸುತ್ತಾ ಸುರುಟಿಕೊಳ್ಳುತ್ತದೆ. ಎರಡಕ್ಕೂ ಇರುವ ಮದ್ದು ಒಂದೇ: ತಂಪು, ಒಣಗಾಳಿ, ಮತ್ತು ದಿನವೂ ನೋಡಿಕೊಳ್ಳುವ ಜನ.

ಸಾವೊ ಪೌಲೊದ ಹಳೆಯ ಕಸಾಯಿಖಾನೆಯ ಕಟ್ಟಡದಲ್ಲಿ ಇರುವ ‘ಸಿನೆಮಾತೇಕಾ ಬ್ರಾಸಿಲೇಯ್ರಾ’ ಲ್ಯಾಟಿನ್ ಅಮೆರಿಕದ ಬಹು ದೊಡ್ಡ ಚಿತ್ರಭಂಡಾರಗಳಲ್ಲಿ ಒಂದು. ಅದು 1957, 1969, 1982, 2016, 2021, ಹೀಗೆ ಐದು ಬಾರಿ ಬೆಂಕಿಗೆ ತುತ್ತಾಗಿದೆ. 2016ರಲ್ಲಿ ಸುಮಾರು 1,000 ನೈಟ್ರೇಟ್ ಸುರುಳಿಗಳು ಬೂದಿಯಾದವು. ಕೇಂದ್ರ ಸರ್ಕಾರದ ಒಪ್ಪಂದ ಮುಗಿದ ಬಳಿಕ 2020ರಲ್ಲಿ ಸಿಬ್ಬಂದಿಯೆಲ್ಲ ಕೆಲಸ ಕಳೆದುಕೊಂಡರು, ಭಂಡಾರಕ್ಕೆ ಬೀಗ ಬಿತ್ತು. ಬೆಂಕಿಯ ಅಪಾಯವಿದೆಯೆಂದು ಆ ಸಿಬ್ಬಂದಿ ಎಚ್ಚರಿಸಿದ್ದರೂ 2021ರ ಜುಲೈ 29ರಂದು ಅದರ ಇನ್ನೊಂದು ಗೋದಾಮು ಹೊತ್ತಿ ಉರಿಯಿತು. ಕನ್ನಡದ ಮೊದಲ ವಾಕ್ಚಿತ್ರವಾದ 1934ರ ‘ಸತಿ ಸುಲೋಚನಾ’ದ ಒಂದು ಪ್ರತಿಯೂ ಉಳಿದಿಲ್ಲವೆಂದು ಬಲ್ಲವರಿಗೆ ಆ ಬೂದಿಯ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. 2022ರಲ್ಲಿ ಭಂಡಾರ ಮತ್ತೆ ತೆರೆಯಿತು. ಅಲ್ಲಿ ಉಳಿದಿದ್ದ ಮೂಲ ನೆಗೆಟಿವ್‌ನಿಂದ ಮರಳಿ ಜೀವ ಪಡೆದ ರೋಶಾ ಅವರ ಸೂರ್ಯನ ನಾಡಿನ ಚಿತ್ರ ಅದೇ ವರ್ಷ ಕಾನ್‌ನಲ್ಲಿ ಪ್ರದರ್ಶನಗೊಂಡಿತು.

ಉಳಿಸುವ ಕೆಲಸ ಎಷ್ಟು ಒಂಟಿಯಾದದ್ದು ಎಂಬುದಕ್ಕೆ ‘ಲಿಮಿಚಿ’ಯ ಕಥೆ ಸಾಕು. ಇಪ್ಪತ್ತೆರಡರ ಹರೆಯದ ಮಾರಿಯೊ ಪೇಯ್ಶೊಟೊ ರಿಯೊ ಬಳಿಯ ಮಂಗರಾತೀಬಾ ಕರಾವಳಿಯಲ್ಲಿ, ಛಾಯಾಗ್ರಾಹಕ ಎಡ್ಗರ್ ಬ್ರಾಜಿಲ್ ಜೊತೆಗೂಡಿ ಮಾಡಿದ ಈ ಮೂಕಿಚಿತ್ರ 1931ರ ಮೇ 17ರಂದು ಮೊದಲು ಪ್ರದರ್ಶನಗೊಂಡಿತು. ನಡುಗಡಲಲ್ಲಿ ಒಂದು ದೋಣಿ, ಅದರಲ್ಲಿ ಮೂವರು, ಅವರ ನೆನಪುಗಳು. ಅಲೆಗಳ ಮೇಲೆ ಹೊಳೆಯುವ ಬಿಸಿಲು. ಪೇಯ್ಶೊಟೊ ಮತ್ತೊಂದು ಚಿತ್ರವನ್ನು ಮುಗಿಸಲೇ ಇಲ್ಲ. ಇದ್ದ ಒಂದೇ ನೈಟ್ರೇಟ್ ಪ್ರತಿ 1950ರ ದಶಕದ ಕೊನೆಗೆ ಕೊಳೆಯತೊಡಗಿದಾಗ ಭೌತವಿಜ್ಞಾನದ ಅಧ್ಯಾಪಕ ಪ್ಲೀನಿಯೊ ಸುಸೆಕಿಂಡ್ ರೋಶಾ ಮತ್ತು ಅವರ ಶಿಷ್ಯ ಸಾವುಲೊ ಪೆರೇರ ಡಿ ಮೆಲ್ಲೊ ಅದನ್ನು ಎತ್ತಿಕೊಂಡರು. ಸಾವುಲೊ ಅದರ ಚೌಕಟ್ಟುಗಳನ್ನು ಒಂದೊಂದಾಗಿ ಛಾಯಾಚಿತ್ರ ತೆಗೆದಿಟ್ಟು, ವರ್ಷಾನುಗಟ್ಟಲೆ ದುಡಿದರು. 1970ರ ದಶಕದ ಕೊನೆಗೆ ಚಿತ್ರ ಮತ್ತೆ ಪರದೆಗೆ ಬಂತು. ಅದರ ಮುಂದಿನ ಸಂರಕ್ಷಣೆಗೆ ಕೈಜೋಡಿಸಿದವರಲ್ಲಿ ವಾಲ್ತರ್ ಸಾಲೆಸ್ ಒಬ್ಬರು. ಸರ್ವಾಧಿಕಾರದ ದಿನಗಳಲ್ಲಿ ಕಾಣೆಯಾದ ಗಂಡನಿಗಾಗಿ ಹೋರಾಡಿದ ಹೆಣ್ಣುಮಗಳ ಬಗ್ಗೆ, ಬೆಳ್ಳಿಯ ಹರಳುಗಳಿರುವ ನಿಜವಾದ ಫಿಲ್ಮಿನ ಮೇಲೆಯೇ ಅವರು ತೆಗೆದ ‘ಐಂದಾ ಎಸ್ತೊ ಅಕಿ’ 2025ರಲ್ಲಿ ಬ್ರೆಜಿಲ್‌ಗೆ ಅಂತರರಾಷ್ಟ್ರೀಯ ಚಿತ್ರ ವಿಭಾಗದ ಮೊದಲ ಆಸ್ಕರ್ ತಂದಿತು.

‘ಲಿಮಿಚಿ’ಯ ಒಂದು ದೃಶ್ಯ ಮಾತ್ರ ಉಳಿಯಲಿಲ್ಲ. ಈಗಿನ ಪ್ರತಿಯಲ್ಲಿ ಅದಿದ್ದ ಜಾಗದಲ್ಲಿ, ಏನು ಕಳೆದುಹೋಗಿದೆ ಎಂದು ತಿಳಿಸುವ ಬರಹವೊಂದು ಪರದೆಯ ಮೇಲೆ ಮೂಡುತ್ತದೆ. ಆಮೇಲೆ ಮತ್ತೆ ಕಡಲು, ದೋಣಿ, ಬಿಸಿಲು.